ಕ್ರೈಸ್ತ ನಂಬಿಕೆ, ಸಾಮಾಜಿಕ ನ್ಯಾಯ ಮತ್ತು ಮೇಷ್ಟ್ರ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೋಲಾರದವಳು. ಬೆಂಗಳೂರಿನಲ್ಲಿ ಕ್ರೈಸ್ತ ದೇವಶಾಸ್ತ್ರ ಕಲಿಸುತ್ತೇನೆ, ಅದರಲ್ಲೂ ಜಾತಿ, ಕೂಲಿ, ಭೂಮಿ ಇಂಥ ವಿಷಯಗಳ ಕಡೆಯಿಂದ. ವಾರದ ಕೊನೆಗೆ ಊರಿಗೆ ಬರುತ್ತೇನೆ. ರೈಲಲ್ಲಿ, ಮದುವೆ ಮನೆಯಲ್ಲಿ, ಆರಾಧನೆ ಮುಗಿದ ಮೇಲೆ ಚರ್ಚ್ ಗೇಟಿನ ಹತ್ತಿರ, ವಾಟ್ಸಾಪಿನಲ್ಲಿ ಜನ ಕೇಳಿದ್ದನ್ನೇ ಕೇಳುತ್ತಾರೆ. ಅವರ ಮಾತಿನಲ್ಲೇ ಪ್ರಶ್ನೆ ಹಾಕಿದ್ದೇನೆ. ಉತ್ತರ ನನ್ನದು. ಕಾಲೇಜಿನದ್ದಲ್ಲ, ಚರ್ಚಿನದ್ದೂ ಅಲ್ಲ.

## ಮೊದಲ ಭೇಟಿಯಲ್ಲೇ ಕೇಳುವವು

ಮೇಡಂ, ನೀವು ಸಿಸ್ಟರಾ? ಪಾಸ್ಟರಾ?

ಎರಡೂ ಅಲ್ಲ, ಮೇಷ್ಟ್ರು. ನಮ್ಮದು ಮೆಥೊಡಿಸ್ಟ್ ಮನೆ, ಪ್ರೊಟೆಸ್ಟೆಂಟರಲ್ಲಿ ಒಂದು ಪಂಗಡ. ನಾನು ದೀಕ್ಷೆ ತಗೊಂಡಿಲ್ಲ, ಮದುವೆಯಾಗಿದೆ, ಮಕ್ಕಳಿದ್ದಾರೆ. ಪ್ರಸಂಗ ಮಾಡಿ ಅಂತ ಕರೆದರೆ ಹೋಗುತ್ತೇನೆ, ಆದರೆ ಅದು ನನ್ನ ಕೆಲಸ ಅಲ್ಲ. ಪಾಠ ಮಾಡೋದು, ಪೇಪರ್ ತಿದ್ದೋದು, ಓದೋದು, ಬರೆಯೋದು, ಇಷ್ಟೇ.

ಹೆಂಗಸರು ಪಾಸ್ಟರ್ ಆಗಬಹುದಾ ಅನ್ನೋದು ಇದರ ಹಿಂದೆಯೇ ಬರುತ್ತದೆ. ಮೆಥೊಡಿಸ್ಟ್, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಎರಡರಲ್ಲೂ ಆಗಬಹುದು. ಸಿಎಸ್‌ಐನಲ್ಲಿ 2013ರಲ್ಲಿ ಪುಷ್ಪ ಲಲಿತಾ ಅವರು ನಂದ್ಯಾಲದ ಬಿಷಪ್ಪೇ ಆದರು. ಕ್ಯಾಥೊಲಿಕರಲ್ಲಿ ಇಲ್ಲ.

ಬೈಬಲ್ ಪಾಠಕ್ಕೆ ಪಿಎಚ್‌ಡಿ ಯಾಕೆ ಬೇಕು? ನಮ್ಮಜ್ಜಿ ದಿನಾ ಓದ್ತಾಳೆ!

ಅಜ್ಜಿ ಓದೋದು ಚೆನ್ನಾಗೇ ಇರುತ್ತದೆ. ಎಷ್ಟೋ ಸಲ ನಮಗಿಂತ ಚೆನ್ನಾಗಿರುತ್ತದೆ. ಒಂದು ಉದಾಹರಣೆ ಹೇಳುತ್ತೇನೆ, ಈ ಓದು ಏನು ಅಂತ ಅದರಲ್ಲೇ ಗೊತ್ತಾಗುತ್ತದೆ.

ಮತ್ತಾಯನ ಸುವಾರ್ತೆ 20ನೇ ಅಧ್ಯಾಯದಲ್ಲಿ ದ್ರಾಕ್ಷಿತೋಟದ ಕೂಲಿಗಳ ಕಥೆ ಇದೆ. ತೋಟದ ಯಜಮಾನ ಬೆಳಿಗ್ಗೆ ಕೆಲವರನ್ನು ಕರೆಯುತ್ತಾನೆ, ಮಧ್ಯಾಹ್ನ ಕೆಲವರನ್ನು, ಸಂಜೆ ಐದಕ್ಕೆ ಇನ್ನೂ ಕೆಲವರನ್ನು. ಕೊನೆಗೆ ಎಲ್ಲರಿಗೂ ಒಂದೇ ಕೂಲಿ ಕೊಡುತ್ತಾನೆ. ಕ್ಲಾಸಿನಲ್ಲಿ ಇದನ್ನು ಓದಿದರೆ ಹುಡುಗರು ಮೊದಲು ಹೇಳೋದೇ 'ಬೆಳಿಗ್ಗೆಯಿಂದ ದುಡಿದವರಿಗೆ ಮೋಸ ಆಯ್ತು' ಅಂತ. ಇದೇ ಕಥೆಯನ್ನು ಕೆಜಿಎಫ್‌ನಲ್ಲಿ ಗಣಿ ಕೆಲಸಗಾರರ ಒಂದು ಲೈನ್ ಮನೆಯ ಮುಂದೆ ಕೂತು ಓದಿದೆವು. ಅಲ್ಲಿನ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಆಮೇಲೆ ಅಲ್ಲಿನ ಎಷ್ಟೋ ಮನೆಗಳವರು ನಸುಕಿನಲ್ಲೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಹೋಗಿ ರಾತ್ರಿ ವಾಪಸ್ ಬರುತ್ತಾರೆ. ಹೌಸ್‌ಕೀಪಿಂಗ್ ಕೆಲಸಕ್ಕೆ ಹೋಗುವ ಒಬ್ಬ ಹೆಂಗಸು ಕಥೆ ಕೇಳಿ ಹೇಳಿದರು: 'ಸಂಜೆ ಐದರವರೆಗೂ ಯಾರೂ ಕರೀಲಿಲ್ಲ ಅಂದ್ರೆ ಅವನಿಗೆ ವಯಸ್ಸಾಗಿರ್ಬೇಕು, ಇಲ್ಲ ಕೈಕಾಲು ಸರಿ ಇರಲ್ಲ. ಅವನ ಮನೆ ಒಲೆಗೂ ಅಷ್ಟೇ ಅಕ್ಕಿ ಬೇಕಲ್ವಾ ಮೇಡಂ?'

ನಮ್ಮ ಕೆಲಸ ಇಲ್ಲಿಂದ ಶುರು. ಒಂದನೇ ಶತಮಾನದ ಪ್ಯಾಲೆಸ್ಟೈನಿನಲ್ಲಿ ದಿನಗೂಲಿಗೆ ನಿಲ್ಲುತ್ತಿದ್ದವರು ಯಾರು? ಅವರ ಭೂಮಿ ಎಲ್ಲಿ ಹೋಯಿತು? ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ, ಅದರಲ್ಲಿ ಮನೆ ನಡೆಯುತ್ತಿತ್ತಾ? ಈ ಕಥೆಯನ್ನು ಚರ್ಚು ಬರೀ 'ಸ್ವರ್ಗದ ಕೃಪೆ'ಯ ಮಾತಾಗಿ ಯಾವಾಗಿನಿಂದ ಓದುತ್ತಿದೆ, ಹಾಗೆ ಓದಿದ್ದರಿಂದ ಯಾರಿಗೆ ಅನುಕೂಲ ಆಯಿತು? ಇದಕ್ಕೆ ಗ್ರೀಕ್ ಬೇಕು, ಇತಿಹಾಸ ಬೇಕು, ಸಮಾಜಶಾಸ್ತ್ರ ಬೇಕು. ಜೊತೆಗೆ ಆ ಹೆಂಗಸಿನ ಮಾತನ್ನು ಬರೆದುಕೊಳ್ಳುವ ಬುದ್ಧಿಯೂ ಬೇಕು.

ಇದನ್ನ ಓದಿದ್ರೆ ಕೆಲಸ ಸಿಗುತ್ತಾ? ಸಂಬಳ ಎಷ್ಟು ಬರುತ್ತೆ?

ಕೆಲಸ ಇದೆ, ಜಾಸ್ತಿ ಇಲ್ಲ. ಥಿಯಾಲಜಿ ಕಾಲೇಜು, ಕ್ರೈಸ್ತ ಆಡಳಿತದ ಡಿಗ್ರಿ ಕಾಲೇಜು, ಸಂಶೋಧನಾ ಸಂಸ್ಥೆ, ಎನ್‌ಜಿಒ, ಪ್ರಕಾಶನ, ಹೀಗೆ ದಾರಿಗಳಿವೆ. ಬಹಳಷ್ಟು ಥಿಯಾಲಜಿ ಕಾಲೇಜುಗಳಲ್ಲಿ ಯುಜಿಸಿ ಸ್ಕೇಲ್ ಇಲ್ಲ. ಇರೋಕೆ ಮನೆ ಕೊಡುತ್ತಾರೆ, ಸಂಬಳ ಕಮ್ಮಿ. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಬೇಕು ಅನ್ನುವವರು ಧರ್ಮಗಳ ತೌಲನಿಕ ಅಧ್ಯಯನದಲ್ಲಿ ನೆಟ್ ಬರೆಯಬಹುದು, ಅಥವಾ ಸಮಾಜಶಾಸ್ತ್ರ, ಇತಿಹಾಸದಂಥ ಒಂದು ಎಂ.ಎ. ಕೈಯಲ್ಲಿ ಇಟ್ಟುಕೊಳ್ಳಬೇಕು. ನಾನಂತೂ ವಿದ್ಯಾರ್ಥಿಗಳಿಗೆ ಎರಡನೇ ದಾರಿಯನ್ನೇ ಹೇಳುತ್ತೇನೆ. ಮನೆಯವರು ಸಾಲ ಮಾಡಿ ಓದಿಸುತ್ತಿದ್ದಾರೆ ಅಂದರೆ ಮೊದಲು ಈ ಲೆಕ್ಕ ಹಾಕಿ, ಆಮೇಲೆ ದೇವರ ಕರೆಯ ಮಾತು.

ನಾನು ಕ್ರಿಶ್ಚಿಯನ್ ಅಲ್ಲ. ಓದಬಹುದಾ?

ಧಾರಾಳವಾಗಿ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗವೇ ಇದೆ. ಅದು ಸರ್ಕಾರಿ ವಿಶ್ವವಿದ್ಯಾಲಯ, ಯಾರು ಬೇಕಾದರೂ ಸೇರಬಹುದು. ಪಾದ್ರಿ ತಯಾರು ಮಾಡುವ ಕಾಲೇಜುಗಳು ಮಾತ್ರ ಸಾಮಾನ್ಯವಾಗಿ ಸಭೆಯ ಶಿಫಾರಸು ಪತ್ರ ಕೇಳುತ್ತವೆ.

## ಓದಿನ ದಾರಿ

ಎಲ್ಲಿ ಓದೋದು? ಎಷ್ಟು ವರ್ಷ?

ಪ್ರೊಟೆಸ್ಟೆಂಟ್ ಕಡೆ ಮುಖ್ಯ ಪದವಿ ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ), ಆಮೇಲೆ ಎಂ.ಟಿಎಚ್. (ಮಾಸ್ಟರ್ ಆಫ್ ಥಿಯಾಲಜಿ), ಆಮೇಲೆ ಡಾಕ್ಟರೇಟ್. ಈ ಪದವಿಗಳನ್ನು ಕೊಡೋದು ಬಂಗಾಳದ ಸೆರಾಂಪುರ ಕಾಲೇಜಿನ ಸೆನೆಟ್. ಮಿಶನರಿ ವಿಲಿಯಂ ಕೇರಿ ಮತ್ತು ಗೆಳೆಯರು 1818ರಲ್ಲಿ ಕಟ್ಟಿದ ಕಾಲೇಜು ಅದು. ಆಗ ಆ ಊರು ಡೆನ್ಮಾರ್ಕಿನವರ ಕೈಲಿತ್ತು, ಹಾಗಾಗಿ 1827ರಲ್ಲಿ ಪದವಿ ಕೊಡುವ ಸನ್ನದು ಕೊಟ್ಟವನು ಡೆನ್ಮಾರ್ಕಿನ ರಾಜ. ಇವತ್ತಿಗೂ ನಮ್ಮ ಸರ್ಟಿಫಿಕೇಟಿನ ಬೇರು ಅಲ್ಲೇ ಇದೆ. ನೆಂಟರಿಗೆ ಇದನ್ನು ಹೇಳಿದರೆ ನಂಬೋದೇ ಇಲ್ಲ.

ನಮಗೆ ಹತ್ತಿರದವು ಎರಡು. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜು, 1910ರದ್ದು, ಎಲ್ಲರೂ ಯುಟಿಸಿ ಅಂತಾರೆ. ಇನ್ನೊಂದು ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜು. ಕ್ಯಾಥೊಲಿಕರಿಗೆ ಬೆಂಗಳೂರಿನಲ್ಲೇ ಧರ್ಮಾರಾಮ್, ಮಲ್ಲೇಶ್ವರದ ಸೇಂಟ್ ಪೀಟರ್ಸ್ ಇವೆ. ಬಿ.ಡಿ.ಗೆ ಸಾಮಾನ್ಯವಾಗಿ ಡಿಗ್ರಿ ಆದವರಿಗೆ 4 ವರ್ಷ, ಪಿಯುಸಿ ಆದವರಿಗೆ 5. ನಿಯಮ ಆಗಾಗ ಬದಲಾಗುತ್ತದೆ, ಸೇರುವ ವರ್ಷ ಕಾಲೇಜಿಗೇ ಫೋನ್ ಮಾಡಿ ಕೇಳಿ.

ಡಿಗ್ರಿ ಮುಗಿಸಿಯೇ ಬನ್ನಿ ಅಂತ ನನ್ನ ಸಲಹೆ. ಹದಿನೆಂಟಕ್ಕೇ ಬಂದ ಮಕ್ಕಳು ಹಾಸ್ಟೆಲ್, ಚಾಪೆಲ್, ಕ್ಲಾಸು ಇಷ್ಟರಲ್ಲೇ ಬೆಳೆದುಬಿಡುತ್ತಾರೆ. ಹೊರಗಿನವರ ಜೊತೆ ಜಗಳವಾಡಿ ಗೊತ್ತಿರಲ್ಲ.

ನಂಗೆ ಇಂಗ್ಲಿಷ್ ಅಷ್ಟಕ್ಕಷ್ಟೆ ಅಕ್ಕಾ. ಆಗುತ್ತಾ?

ಆಗುತ್ತದೆ, ಕಷ್ಟ ಪಡಬೇಕು. ಪುಸ್ತಕಗಳು ಬಹುತೇಕ ಇಂಗ್ಲಿಷಿನಲ್ಲೇ ಇವೆ, ಅದು ನಮ್ಮ ಕ್ಷೇತ್ರದ ದೊಡ್ಡ ಅನ್ಯಾಯ. ಆದರೆ ಕೋಲಾರದ ಮಕ್ಕಳಿಗೆ ಒಂದು ಲಾಭ ಇದೆ, ಅದು ಅವರಿಗೇ ಗೊತ್ತಿರಲ್ಲ. ಮನೇಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕೆಜಿಎಫ್‌ಗೆ ಹೋದರೆ ತಮಿಳು, ಸಂತೆಯಲ್ಲಿ ಅಷ್ಟಿಷ್ಟು ಉರ್ದು. ಹಳ್ಳಿಗೆ ಹೋಗಿ ಜನರ ಜೊತೆ ಮಾತಾಡಿ ಬರೆಯುವ ಸಂಶೋಧನೆಗೆ ಇಂಗ್ಲಿಷಿಗಿಂತ ಇವೇ ಜಾಸ್ತಿ ಬೇಕು. ಇಂಗ್ಲಿಷನ್ನು ಎರಡು ವರ್ಷದಲ್ಲಿ ಕಲಿಯಬಹುದು. ಮುಳಬಾಗಿಲ ಕಡೆಯ ತೆಲುಗನ್ನು ದೆಹಲಿಯವರು ಎರಡು ವರ್ಷದಲ್ಲಿ ಕಲಿಯೋಕೆ ಆಗುತ್ತಾ?

## ವಿಷಯದ ಒಳಗೆ

ಲಿಬರೇಶನ್ ಥಿಯಾಲಜಿ ಅಂದ್ರೆ ಕಮ್ಯುನಿಸಂಗೆ ಶಿಲುಬೆ ಹಾಕಿದ್ದು ತಾನೇ?

ವ್ಯಾಟಿಕನ್ನಿಗೂ ಇದೇ ಅನುಮಾನ ಇತ್ತು. 1984ರಲ್ಲಿ ಮಾರ್ಕ್ಸ್‌ವಾದದ ಬಳಕೆ ಬಗ್ಗೆ ಎಚ್ಚರಿಕೆ ಕೊಟ್ಟರು, 1986ರಲ್ಲಿ ಸ್ವಲ್ಪ ಮೆತ್ತಗೆ ಮಾತಾಡಿದರು. ಈ ಹೆಸರು ಹರಡಿದ್ದು 1971ರಲ್ಲಿ ಪೆರು ದೇಶದ ಪಾದ್ರಿ ಗುಸ್ತಾವೊ ಗುಟಿಯೆರೆಸ್ ಬರೆದ ಪುಸ್ತಕದಿಂದ. ಅವರು ಕೇಳಿದ್ದು ಸರಳ ಪ್ರಶ್ನೆ: ಹಸಿದವನಿಗೆ 'ದೇವರು ನಿನ್ನನ್ನು ಪ್ರೀತಿಸುತ್ತಾನೆ' ಅಂತ ಹೇಗೆ ಹೇಳೋದು? ಬಡತನ ಹಣೆಬರಹ ಅಲ್ಲ, ಯಾರೋ ಮಾಡಿದ್ದು, ಹಾಗಾಗಿ ಅದು ಪಾಪ ಅಂದರು. ಬಡತನ ಹೇಗೆ ಹುಟ್ಟುತ್ತೆ ಅಂತ ನೋಡೋಕೆ ಮಾರ್ಕ್ಸ್‌ನನ್ನು ಬಳಸಿದರು. ದೇವರನ್ನು ಬಿಡಲಿಲ್ಲ. ಎಲ್ ಸಾಲ್ವಡಾರಿನಲ್ಲಿ ಬಡವರ ಪರ ನಿಂತ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಅವರನ್ನು 1980ರಲ್ಲಿ ಪೂಜೆ ಮಾಡುವಾಗಲೇ ಗುಂಡಿಕ್ಕಿ ಕೊಂದರು. 2018ರಲ್ಲಿ ಅದೇ ರೋಮ್ ಅವರನ್ನು ಸಂತ ಅಂತ ಸಾರಿತು.

ಬೆಂಗಳೂರಿನಲ್ಲಿ ಈ ಮಾತು ಅದಕ್ಕೂ ಮುಂಚೆಯೇ ಬೇರೆ ಥರ ನಡೆದಿತ್ತು. ಪಿ.ಡಿ. ದೇವನಂದನ್, ಆಮೇಲೆ ಎಂ.ಎಂ. ಥಾಮಸ್, 1957ರಲ್ಲಿ ಶುರುವಾದ ಧರ್ಮ ಮತ್ತು ಸಮಾಜದ ಅಧ್ಯಯನ ಸಂಸ್ಥೆಯನ್ನು ನಡೆಸಿದರು. ಥಾಮಸ್ ಪಾದ್ರಿ ಅಲ್ಲ, ಕ್ರಮವಾದ ಥಿಯಾಲಜಿ ಡಿಗ್ರಿಯೂ ಇರಲಿಲ್ಲ. ತುರ್ತುಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿದರು. 1990ರಲ್ಲಿ ನಾಗಾಲ್ಯಾಂಡಿನ ರಾಜ್ಯಪಾಲರಾದರು. ಡಿಗ್ರಿ ಇಲ್ಲದೆ ದೇವಶಾಸ್ತ್ರಜ್ಞ ಆಗಬಹುದಾ ಅನ್ನುವವರಿಗೆ ನಾನು ಇವರನ್ನೇ ತೋರಿಸೋದು.

ದಲಿತ ಥಿಯಾಲಜಿ ಅಂತ ಬೇರೆ ಯಾಕೆ? ದೇವರು ಎಲ್ಲರಿಗೂ ಒಬ್ಬನೇ ಅಲ್ವಾ?

ದೇವರು ಒಬ್ಬನೇ ಇರಬಹುದು, ದೇವರ ಬಗ್ಗೆ ಬರೆಯುತ್ತಿದ್ದವರೂ ಒಂದೇ ಕಡೆಯವರಾಗಿದ್ದರು. ಬಹಳ ಕಾಲ 'ಭಾರತೀಯ ಕ್ರೈಸ್ತ ಚಿಂತನೆ' ಅಂದರೆ ವೇದಾಂತದ ಜೊತೆ ಮಾತುಕತೆ. ಕ್ರಿಸ್ತನನ್ನು ಬ್ರಹ್ಮನ್, ಅವತಾರ, ಗುರು ಅಂತೆಲ್ಲ ವಿವರಿಸುತ್ತಿದ್ದರು. ಬರೆದವರಲ್ಲಿ ಮೇಲ್ಜಾತಿಯಿಂದ ಬಂದವರೇ ಹೆಚ್ಚು, ಸಭೆಯಲ್ಲಿ ಕೂತವರಲ್ಲಿ ದಲಿತರೇ ಹೆಚ್ಚು. 1981ರಲ್ಲಿ ಯುಟಿಸಿಯಲ್ಲೇ ದೇವಶಾಸ್ತ್ರಜ್ಞ ಅರವಿಂದ ನಿರ್ಮಲ್ ಒಂದು ಭಾಷಣದಲ್ಲಿ ಈ ಗಂಟನ್ನು ಬಿಚ್ಚಿದರು. ಧರ್ಮೋಪದೇಶಕಾಂಡ 26ರಲ್ಲಿ ಇಸ್ರೇಲಿನವರು 'ನಮ್ಮ ಪೂರ್ವಜ ಅಲೆಮಾರಿ' ಅಂತ ತಮ್ಮ ಕಥೆ ಹೇಳಿಕೊಳ್ಳುತ್ತಾರಲ್ಲ, ಆ ಮಾತನ್ನು ನಿರ್ಮಲ್ ಮುಂದೆ ದಲಿತರ ಬಾಯಲ್ಲಿ ಇಟ್ಟರು. ಎಲ್ಲಿಂದ ಬಂದೆವು ಅಂತ ಮುಚ್ಚಿಟ್ಟುಕೊಂಡು ನಂಬಿಕೆ ಹೇಳೋಕೆ ಆಗಲ್ಲ ಅಂದರು. ಮುಂದೆ ಚೆನ್ನೈನ ಗುರುಕುಲ ಲುಥರನ್ ಕಾಲೇಜಿನಲ್ಲಿ ಇದಕ್ಕಾಗಿಯೇ ಒಂದು ವಿಭಾಗ ಬಂತು, ಅವರೇ ಅದನ್ನು ನಡೆಸಿದರು.

ಇದೆಲ್ಲ ಆಕಾಶದಿಂದ ಉದುರಲಿಲ್ಲ. ಎಪ್ಪತ್ತರ ದಶಕದಲ್ಲಿ ಮಹಾರಾಷ್ಟ್ರದಲ್ಲಿ ದಲಿತ್ ಪ್ಯಾಂಥರ್ಸ್, ನಮ್ಮಲ್ಲಿ ದಲಿತ ಸಂಘರ್ಷ ಸಮಿತಿ ಬೀದಿಗೆ ಇಳಿದಿದ್ದವು. ಕೋಲಾರ ಡಿಎಸ್ಎಸ್‌ನ ಗಟ್ಟಿ ನೆಲ. ಹೋರಾಟದ ಹಾಡು ಹೊರಗೆ ಕೇಳಿಸಿದ ಮೇಲೆ ಕಾಲೇಜಿನ ಒಳಗೆ ಪ್ರಶ್ನೆ ಎದ್ದಿತು. ನಮ್ಮವರು ಇದನ್ನು ಒಪ್ಪಿಕೊಳ್ಳೋದು ಕಮ್ಮಿ.

ಚರ್ಚಲ್ಲಿ ಜಾತಿ ಇಲ್ಲ ಅಂತೀರ. ಮತ್ತೆ ಹೆಣ್ಣು ನೋಡೋಕೆ ಬಂದವ್ರು 'ನೀವು ಮೊದಲು ಯಾರು' ಅಂತ ಯಾಕೆ ಕೇಳ್ತಾರೆ?

ನಾನು ಹಾಗೆ ಹೇಳಿಲ್ಲ! ಜಾತಿ ಇದೆ. ಮದುವೆಯಲ್ಲಿದೆ, ಕಮಿಟಿ ಚುನಾವಣೆಯಲ್ಲಿದೆ, ಕೆಲವು ಕಡೆ ಸ್ಮಶಾನದಲ್ಲೂ ಇದೆ. ಭಾರತದ ಕ್ಯಾಥೊಲಿಕ್ ಬಿಷಪರೇ 2016ರಲ್ಲಿ ದಲಿತ ಸಬಲೀಕರಣ ನೀತಿ ತಂದು, ಸಭೆಯೊಳಗೆ ತಾರತಮ್ಯ ಇದೆ ಅಂತ ಒಪ್ಪಿಕೊಂಡರು. ಪ್ರೊಟೆಸ್ಟೆಂಟರು ಭಾಷಣದಲ್ಲಿ ಒಪ್ಪುತ್ತಾರೆ, ಮನೆಗೆ ಸಂಬಂಧ ತರುವಾಗ ಮರೆಯುತ್ತಾರೆ. ಇಡೀ ಕ್ಷೇತ್ರದ ಬಗ್ಗೆ ನನ್ನ ಅಭಿಪ್ರಾಯ ಒಂದೇ ಮಾತಿನಲ್ಲಿ ಹೇಳು ಅಂದರೆ, ಸರ್ಕಾರಕ್ಕೆ ಕೇಳುವ ನ್ಯಾಯದ ಪ್ರಶ್ನೆಯನ್ನು ನಾವು ಮೊದಲು ಸಭೆಗೆ ಕೇಳಬೇಕು. ಪ್ಯಾಲೆಸ್ಟೈನ್ ಬಗ್ಗೆ, ಅಮೆಜಾನ್ ಬಗ್ಗೆ ಪೇಪರ್ ಬರೆಯೋದು ಸುಲಭ. ಪಕ್ಕದ ಬೆಂಚಿನವರ ಬಗ್ಗೆ ಬರೆಯೋದು ಕಷ್ಟ.

ಕ್ರಿಶ್ಚಿಯನ್ ಆದ್ರೆ ಎಸ್‌ಸಿ ಸರ್ಟಿಫಿಕೇಟ್ ಹೋಗುತ್ತಂತೆ, ನಿಜಾನಾ?

ಕಾನೂನಿನ ಪ್ರಕಾರ ಹೌದು. 1950ರ ಪರಿಶಿಷ್ಟ ಜಾತಿ ಆದೇಶ ಮೊದಲು ಬಹುಮಟ್ಟಿಗೆ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು, ಮುಸ್ಲಿಮರು ಹೊರಗೇ ಉಳಿದರು. 1985ರ ಸೂಸೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮತಾಂತರದ ಮೇಲೂ ಅದೇ ಥರದ ಹಿಂದುಳಿದಿರುವಿಕೆ ಇದೆ ಅಂತ ತೋರಿಸುವ ಪುರಾವೆ ಸಾಲದು ಅಂದಿತು. ರಂಗನಾಥ ಮಿಶ್ರಾ ಆಯೋಗ 2007ರಲ್ಲಿ ಧರ್ಮದ ಷರತ್ತೇ ಬೇಡ ಅಂತ ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ಇದೇ ಪ್ರಶ್ನೆ ಪರಿಶೀಲಿಸೋಕೆ ನೇಮಿಸಿದರು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರನ್ನು ಹಿಂದುಳಿದ ವರ್ಗದ ಪ್ರವರ್ಗ 1ರಲ್ಲಿ ಇಟ್ಟಿದ್ದಾರೆ, ಉಳಿದ ಕ್ರೈಸ್ತರು 3ಬಿ. ನಿಮ್ಮ ಮನೆಯ ದಾಖಲೆಗೆ ಏನು ಸಿಗುತ್ತೆ ಅಂತ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ, ನನ್ನ ಮಾತಿನ ಮೇಲೆ ಅರ್ಜಿ ಹಾಕಬೇಡಿ.

ನಮ್ಮ ಜಿಲ್ಲೆಯಲ್ಲಿ ಇದು ಎಷ್ಟು ದೊಡ್ಡ ವಿಷಯ ನೋಡಿ. 2011ರ ಜನಗಣತಿಯಲ್ಲಿ ಕೋಲಾರದ ಜನರಲ್ಲಿ ಸುಮಾರು 30% ಪರಿಶಿಷ್ಟ ಜಾತಿ, ರಾಜ್ಯದಲ್ಲೇ ಜಾಸ್ತಿ. ಕೋಲಾರ ಲೋಕಸಭೆ, ಕೆಜಿಎಫ್, ಬಂಗಾರಪೇಟೆ, ಮುಳಬಾಗಿಲು ಎಲ್ಲ ಮೀಸಲು ಕ್ಷೇತ್ರ. ಅಜ್ಜ ಗಣಿಗೆ ಇಳಿದು ಎದೆ ತುಂಬ ಧೂಳು ಕುಡಿದು ಸತ್ತ ಮನೆಯ ಹುಡುಗ, ಕಾಗದದಲ್ಲಿ ಕ್ರೈಸ್ತ ಅಂತ ಇದ್ದರೆ, ತನ್ನ ಊರಲ್ಲೇ ಶಾಸಕ ಸ್ಥಾನಕ್ಕೆ ನಿಲ್ಲೋಕೆ ಆಗಲ್ಲ. ಭಾನುವಾರ ಒಂದು ಹೆಸರು, ಸರ್ಟಿಫಿಕೇಟಿನಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬದುಕುವವರನ್ನು ಕಪಟಿಗಳು ಅಂತ ಬೈಯುವ ಪ್ರಸಂಗ ಕೇಳಿದಾಗ ನನಗೆ ಸಿಟ್ಟು ಬರುತ್ತದೆ.

ಮಿಶನರಿಗಳು ಬಂದಿದ್ದು ಮತಾಂತರಕ್ಕೆ. ನ್ಯಾಯ ಗೀಯ ಎಲ್ಲ ಆಮೇಲೆ ನೀವು ಸೇರಿಸಿದ್ದು, ಅಲ್ವಾ?

ಅರ್ಧ ಸರಿ. ಅವರು ಮತಾಂತರಕ್ಕೇ ಬಂದಿದ್ದು, ಅದನ್ನು ಮುಚ್ಚಿಟ್ಟಿರಲಿಲ್ಲ. ಆದರೆ ಕೋಲಾರದ ಕಥೆ ಶುರುವಾಗೋದು 1876–78ರ ಧಾತು ಈಶ್ವರ ಬರದಿಂದ. ಆಗ ಮಿಸ್ ಆನ್‌ಸ್ಟೀ ಅನ್ನುವ ಇಂಗ್ಲಿಷ್ ಹೆಂಗಸು ಇಲ್ಲಿ ಅನಾಥ ಮಕ್ಕಳನ್ನು ಸಾಕಿದರು. ಆಮೇಲೆ ಆ ಕೆಲಸ ಅಮೆರಿಕದ ಮೆಥೊಡಿಸ್ಟರ ಕೈಗೆ ಬಂತು. 1910ರಲ್ಲಿ ಶುರುವಾದ ಇಟಿಸಿಎಂ ಆಸ್ಪತ್ರೆ ಈಗಲೂ ಇದೆ, ಜಿಲ್ಲೆಯಲ್ಲಿ ಎಷ್ಟೋ ಜನ ಹುಟ್ಟಿದ್ದೇ ಅಲ್ಲಿ.

ಇನ್ನರ್ಧವನ್ನೂ ಹೇಳಬೇಕು. ಬರದ ಮಕ್ಕಳಿಗೆ ಅನ್ನದ ಜೊತೆ ಹೊಸ ಹೆಸರು, ಹೊಸ ದೇವರು ಬಂದರು. ಒಪ್ಪೋಕೆ, ಬಿಡೋಕೆ ಅವರಿಗೆ ವಯಸ್ಸೇ ಇರಲಿಲ್ಲ. ಆ ಬರ ಅಷ್ಟು ಜನರನ್ನು ತಿಂದಿದ್ದಕ್ಕೆ ಬ್ರಿಟಿಷ್ ಆಡಳಿತವೂ ಕಾರಣ ಅನ್ನೋದನ್ನು ಮಿಶನರಿ ಬರಹಗಳು ಬಹುಮಟ್ಟಿಗೆ ಬಿಟ್ಟೇ ಬಿಡುತ್ತವೆ. ಆದರೂ ಕೆರೆ ನೀರು ಮುಟ್ಟಬಾರದು ಅಂತಿದ್ದ ಮನೆಯ ಹುಡುಗಿ ಸ್ಲೇಟು ಹಿಡಿದಿದ್ದು ಸಣ್ಣ ವಿಷಯ ಅಲ್ಲ. ಎರಡನ್ನೂ ಒಂದೇ ಪುಟದಲ್ಲಿ ಬರೆಯದ ಪುಸ್ತಕ ನನಗೆ ರುಚಿಸಲ್ಲ, ಬರೆದವರು ಯಾವ ಕಡೆಯವರೇ ಇರಲಿ.

## ಸಂಶೋಧನೆಗೆ ಇಳಿದವರಿಗೆ

ದೇವರನ್ನ ನಂಬ್ಕೊಂಡು ಸಂಶೋಧನೆ ಮಾಡಿದ್ರೆ ಪಕ್ಷಪಾತ ಆಗಲ್ವಾ?

ಆಗಬಹುದು. ನಂಬದವರಿಗೂ ಆಗಬಹುದು. ನಾನು ಎಲ್ಲಿ ನಿಂತು ಬರೆಯುತ್ತಿದ್ದೇನೆ ಅಂತ ಮೊದಲ ಪುಟದಲ್ಲೇ ಹೇಳಿಬಿಡುತ್ತೇನೆ. ನನಗೆ ಇಷ್ಟ ಇಲ್ಲದ ಉತ್ತರ ಸಿಕ್ಕರೂ ಹಾಕುತ್ತೇನೆ. ಉದಾಹರಣೆಗೆ, ಮತಾಂತರದಿಂದ ಮರ್ಯಾದೆ ಹೆಚ್ಚಿತು ಅಂತ ಕೇಳೋಕೆ ಹೋದಾಗ 'ಏನೂ ಬದಲಾಗಲಿಲ್ಲ, ಹಬ್ಬ ಮಾತ್ರ ಬದಲಾಯ್ತು' ಅಂದವರಿದ್ದಾರೆ. ಅದು ಪುಸ್ತಕದಲ್ಲಿ ಬರಲೇಬೇಕು.

ಕಂಬಾಲಪಲ್ಲಿ ಥರದ್ದು ಆದಾಗ ನಿಮ್ಮ ಪೇಪರ್‌ಗಳಿಂದ ಏನು ಉಪಯೋಗ ಆಯ್ತು?

ಆ ಹೊತ್ತಿಗೆ ಏನೂ ಇಲ್ಲ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಸುಟ್ಟರು. ಆಗ ಅದು ನಮ್ಮ ಜಿಲ್ಲೆಯೇ, ಚಿಕ್ಕಬಳ್ಳಾಪುರ ಬೇರೆಯಾಗಿದ್ದು 2007ರಲ್ಲಿ. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ ಆದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕೇಸು ನಡೆಸಲು ವಕೀಲರು ಬೇಕು, ಸಾಕ್ಷಿಗೆ ರಕ್ಷಣೆ ಬೇಕು, ಬೀದಿಯಲ್ಲಿ ಜನ ಬೇಕು. ದೇವಶಾಸ್ತ್ರದ ಪೇಪರ್ ಅಲ್ಲ.

ನಮ್ಮದು ನಿಧಾನದ ಕೆಲಸ. 'ಕ್ಷಮಿಸಿಬಿಡಿ' ಅನ್ನುವ ಮಾತನ್ನು ಯಾರು ಯಾರಿಗೆ ಹೇಳುತ್ತಾರೆ, ಶಿಕ್ಷೆಯೇ ಆಗದ ಕಡೆ ಕ್ಷಮೆ ಅಂದರೆ ಏನು, ಇದನ್ನು ಮುಂದೆ ಪ್ರಸಂಗ ಮಾಡುವವರ ತಲೆಗೆ ಹಾಕೋದು. ಕಂಬಾಲಪಲ್ಲಿ ಮತ್ತು ಶಿಲುಬೆಯನ್ನು ಒಟ್ಟಿಗೆ ಓದಿದ ವಿದ್ಯಾರ್ಥಿ 'ನೋವು ದೇವರ ಪರೀಕ್ಷೆ' ಅಂತ ಹಳ್ಳಿಯಲ್ಲಿ ನಿಂತು ಹೇಳಲ್ಲ. ಅಷ್ಟಾದರೂ ಆಗಲಿ ಅಂತ ಕಲಿಸುತ್ತೇನೆ.

ಹೀಗೆಲ್ಲ ಬರೆದ್ರೆ ಚರ್ಚಿನವರು ಸುಮ್ನಿರ್ತಾರಾ?

ಇರಲ್ಲ. ಒಂದು ಸಭೆಯಲ್ಲಿ ಮದುವೆ ಮತ್ತು ಜಾತಿ ಬಗ್ಗೆ ಮಾತಾಡಿದ ಮೇಲೆ ನನ್ನನ್ನು ಮತ್ತೆ ಕರೆಯಲಿಲ್ಲ. ಹೆಂಗಸರ ಸಂಘದವರು ಮಾತ್ರ ಬೇರೆ ದಿನ, ಬೇರೆ ಮನೆಯಲ್ಲಿ ಕರೆಸಿಕೊಂಡರು! ಚಿಕ್ಕವರಿಗೆ ನನ್ನ ಸಲಹೆ: ಕೆಲಸ ಖಾಯಂ ಆಗುವವರೆಗೆ ದಾಖಲೆ ಇಲ್ಲದ ಒಂದು ಸಾಲೂ ಬರೆಯಬೇಡಿ, ಮಾಹಿತಿ ಕೊಟ್ಟವರ ಹೆಸರು ಯಾವತ್ತೂ ಬಿಟ್ಟುಕೊಡಬೇಡಿ.

ಮೇಡಂ, ಕೋಲಾರ ಕಡೆಯ ವಿಷಯ ಇದ್ರೆ ಹೇಳಿ, ಪಿಎಚ್‌ಡಿಗೆ

ಬೇಕಾದಷ್ಟಿವೆ, ಮಾಡುವವರಿಲ್ಲ.

ಮೊದಲನೆಯದು ಕೆಜಿಎಫ್‌ನ ಕಕ್ಕಸು. ಸಫಾಯಿ ಕರ್ಮಚಾರಿ ಆಂದೋಲನದ ಬೆಜವಾಡ ವಿಲ್ಸನ್ ಹುಟ್ಟಿದ್ದು ಅಲ್ಲೇ, ಅವರ ಮನೆಯವರೇ ಮಲ ಹೊರುವ ಕೆಲಸದಲ್ಲಿದ್ದರು. ದೇಶಕ್ಕೆ ಚಿನ್ನ ಕೊಟ್ಟ, 1902ರಲ್ಲೇ ಶಿವನಸಮುದ್ರದಿಂದ ಕರೆಂಟು ತರಿಸಿಕೊಂಡ ಊರಲ್ಲಿ ಒಣ ಕಕ್ಕಸು ಎಂಬತ್ತರ ದಶಕದಲ್ಲೂ ಇತ್ತು. ವಿಲ್ಸನ್ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಎಲ್ಲರೂ ಹಾರ ಹಾಕಿದರು. ಆ ವರ್ಷಗಳಲ್ಲಿ ಕೆಜಿಎಫ್‌ನ ಅಷ್ಟೊಂದು ಚರ್ಚುಗಳು ಆ ಬಕೆಟ್ಟುಗಳ ಬಗ್ಗೆ ಏನಾದರೂ ಹೇಳಿದವಾ? ಸಭೆಯ ನಡಾವಳಿ ಪುಸ್ತಕಗಳನ್ನು ತೆಗೆದು ಯಾರಾದರೂ ನೋಡಬೇಕು.

ಎರಡನೆಯದು 'ಬೈಬಲ್ ವುಮನ್' ಅಂತ ಕರೆಯುತ್ತಿದ್ದ ನಮ್ಮ ಹೆಂಗಸರು. ಮನೆಮನೆಗೆ ನಡೆದು ಹೋಗಿ ಓದಿಸಿದವರು ಅವರು, ವರದಿಯಲ್ಲಿ ಹೆಸರು ಮಾತ್ರ ಮಿಶನರಿಯದ್ದು. ಕೋಲಾರದ ಮೆಥೊಡಿಸ್ಟ್ ಕಾಗದಗಳಿಗೆ ಅಮೆರಿಕದ ಡ್ರೂ ವಿಶ್ವವಿದ್ಯಾಲಯದ ಮೆಥೊಡಿಸ್ಟ್ ಆರ್ಕೈವ್ ನೋಡಬೇಕು. ತುಮಕೂರಿನ ವೆಸ್ಲಿಯನ್ ಮಿಶನ್, ಚಿಕ್ಕಬಳ್ಳಾಪುರದ ಲಂಡನ್ ಮಿಶನ್, ಈ ಎರಡರ ಸಂಗ್ರಹಗಳೂ ಲಂಡನ್ ವಿಶ್ವವಿದ್ಯಾಲಯದ ಸೋಯಾಸ್‌ನಲ್ಲಿವೆ. ಅಷ್ಟು ದೂರ ಹೋಗೋ ಮುಂಚೆ ಯುಟಿಸಿಯ ಆರ್ಕೈವಿನಲ್ಲಿ ಕೂತುಕೊಳ್ಳಿ, ಅದು ಕೋಲಾರದಿಂದ ಎರಡು ಗಂಟೆ ದಾರಿ.

ಮೂರನೆಯದು ಟೊಮ್ಯಾಟೊ ಮಂಡಿ. 15 ಕೆಜಿ ಬಾಕ್ಸ್ ಹೊರುವ ಹಮಾಲಿಗಳು, ಕಮಿಷನ್, ತೂಕ, ಬೆಲೆ ಬಿದ್ದಾಗ ರಸ್ತೆಗೆ ಸುರಿಯೋ ರೈತ. ಆಮೋಸನ ಪುಸ್ತಕದ 8ನೇ ಅಧ್ಯಾಯದಲ್ಲಿ ಅಳತೆ ಕಮ್ಮಿ ಮಾಡಿ ಬೆಲೆ ಏರಿಸುವವರ, ಸುಳ್ಳು ತಕ್ಕಡಿಯವರ ಮಾತು ಬರುತ್ತದೆ. ಅದನ್ನು ಮಂಡಿಯಲ್ಲಿ ಓದಿ, ರೈತರೂ ಹಮಾಲಿಗಳೂ ಏನು ಹೇಳುತ್ತಾರೆ ಅಂತ ಬರೆದುಕೊಂಡರೆ ಅದೇ ಒಂದು ಪ್ರಬಂಧ. ಇದಕ್ಕೆ ಕ್ರೈಸ್ತರೇ ಆಗಬೇಕಿಲ್ಲ, ಬೆಳಿಗ್ಗೆ ಬೇಗ ಏಳಬೇಕು.

ವಿಷಯ ಆರಿಸಿಕೊಂಡರೆ ಒಂದು ಪುಟದಲ್ಲಿ ಬರೆದು ಕಳಿಸಿ, ಕನ್ನಡದಲ್ಲೇ ಸಾಕು. ಹತ್ತು ಪುಟ ಕಳಿಸಿದರೆ ಪರೀಕ್ಷೆ ಪೇಪರ್ ಮುಗಿಯುವವರೆಗೆ ಓದೋಕೆ ಆಗಲ್ಲ.